ಇವರ ಮೂಗಿನ ಕಾಯಿಲೆ

ಆ ಬೆಳಿಗ್ಗೆಯೂ ಎಂದಿನಂತೆ ತುಳಸಿಗೆ ನೀರು ಹಾಕಿ, ಹಾಲು ಕಾಯಿಸಿ, ದೋಸೆ ಕಾವಲಿ ಇಟ್ಟೆ. ಮೂರನೇ ದೋಸೆ ಕರಕಾದದ್ದು ನನಗೆ ಗೊತ್ತೇ ಆಗಲಿಲ್ಲ. ಜಗಲಿಯ ಕುರ್ಚಿಯಲ್ಲಿ ಪೇಪರು ಓದುತ್ತಿದ್ದ ಯಜಮಾನರು ಮೂಗು ಮೇಲೆತ್ತಿ, “ಇವತ್ತೂ ಒಣಮೀನಿನ ವಾಸನೆ ಬತ್ತದೆ ಮಾರಾಯ್ತಿ” ಎಂದರು.

ಶ್ರಾವಣ ಮಾಸ! ಮೀನಿನ ಬಾಣಲೆಯನ್ನು ತೊಳೆದು ಅಟ್ಟಕ್ಕೇರಿಸಿ ಹದಿನೈದು ದಿನವಾಗಿತ್ತು. ಹೋದ ತಿಂಗಳು ನೆಗಡಿಯಿಂದ ಎದ್ದ ನಾನು ಮೂಲೆಮೂಲೆ ಮೂಸಿ ನೋಡಿದ್ದೆ. ನನಗೆ ಬಾರದ ವಾಸನೆ ಇರಲು ಹೇಗೆ ಸಾಧ್ಯ?

ಪದದ ಅರ್ಥ ನೋಡದೆ ಬಾಯಿ ತೆರೆಯಬಾರದೆಂದು ಕಾನ್ವೆಂಟಿನ ಸಿಸ್ಟರು ಕಲಿಸಿದ್ದರು. ಇಲ್ಲದ ವಾಸನೆ ಬರುವುದಕ್ಕೆ ಏನೆನ್ನುತ್ತಾರೆಂದು ನರ್ಸಿಂಗ್ ಓದುವ ಮಗಳ ಪುಸ್ತಕ ತೆರೆದೆ. ಒಣಗಲು ಹಾಕಿದ ಪಂಚೆ ಕಳ್ಳನಂತೆ ಕಂಡರೆ ಇಲ್ಯೂಶನ್. ಪಂಚೆಯೇ ಇಲ್ಲದೆ ಕಳ್ಳ ಕಂಡರೆ ಹ್ಯಾಲುಸಿನೇಶನ್. ದೀಪ ಹಚ್ಚಿ ತೋರಿಸಿದರೂ ಕಳ್ಳನೇ ಎಂದು ಹಠ ಹಿಡಿದರೆ ಡೆಲ್ಯೂಶನ್.

“ನಿಮ್ಮದು ಎರಡನೆಯದು” ಎಂದು ಮೃದುವಾಗಿ ತಿಳಿಸಿದೆ.

ಅವರು ಪೇಪರು ಮಡಚಿಟ್ಟರು. ಅವರ ಚಿಕ್ಕಪ್ಪ ಕೊನೆಗಾಲದಲ್ಲಿ ಗೋಡೆಯೊಂದಿಗೆ ಮಾತಾಡುತ್ತಿದ್ದರು. ತನಗೂ ಹಾಗಾದೀತೆಂದು ಪಾಪ, ಮೊದಲಿಂದಲೂ ಹೆದರಿಕೆ. ಇನ್ನು ತಡಮಾಡಬಾರದೆಂದು ಪುಸ್ತಕವನ್ನು ಚೀಲಕ್ಕೆ ತುರುಕಿ, ಹೊನ್ನಾವರದಿಂದ ಕುಮಟಾ ಬಸ್ಸು ಹತ್ತಿಸಿದೆ.

“ಇಲ್ಲೂ ಬತ್ತದೆ” ಎಂದು ಕಿವಿಯಲ್ಲಿ ಪಿಸುಗುಟ್ಟಿದರು. ಕಾಯಿಲೆ ಏರುತ್ತಿದೆ! ಮುಂದಿನ ಸೀಟಿನವರು ಎರಡು ಸಲ ತಿರುಗಿ ನೋಡಿ, ಎದ್ದು ಹಿಂದಕ್ಕೆ ಹೋದರು. ರೋಗಿಯನ್ನು ಕಂಡರೆ ಜನ ಹೀಗೇ ಎಂದು ಬೇಸರವಾಯಿತು.

ಡಾಕ್ಟರಿಗೆ ಮೂರೂ ಪದಗಳ ವ್ಯತ್ಯಾಸವನ್ನು ನಾನೇ ವಿವರಿಸಿದೆ. ಅವರು ಕರವಸ್ತ್ರ ಮೂಗಿಗೆ ಹಿಡಿದು ಕೇಳಿಸಿಕೊಂಡರು. ಪುಟ ತೋರಿಸಲು ಪುಸ್ತಕ ಎಳೆದೆ. ಅದರ ಜೊತೆ ಹರಿದ ಪೊಟ್ಟಣವೊಂದು ಹೊರಬಂತು. ಡಾಕ್ಟರ ಮೇಜಿನ ತುಂಬ ಒಣ ಶೆಟ್ಲಿ, ಅದೇ ಒಣಸೀಗಡಿ!

ಕತಗಾಲದಲ್ಲಿರುವ ತಂಗಿಗೆಂದು ಆಷಾಢದ ಕೊನೆಗೆ ಕೊಂಡು, ಯಜಮಾನರ ಕುರ್ಚಿಯ ಹಿಂದಿನ ಮೊಳೆಗೆ ನೇತುಹಾಕಿ ಮರೆತಿದ್ದ ಚೀಲ ಅದು.

ಡಾಕ್ಟರು ಸ್ಪಿರಿಟ್ಟಿನ ಹತ್ತಿ ನನ್ನ ಮೂಗಿಗೆ ಹಿಡಿದರು. “ಎಂತ ವಾಸನೆ?”

“ಎಂತದೂ ಇಲ್ಲ ಡಾಕ್ಟ್ರೇ.”

ಚೀಟಿ ಬರೆದರು. ನನ್ನ ಹೆಸರಿಗೆ.

ವಾಪಸು ಬರುವಾಗ ಯಜಮಾನರಿಗೆ ಹತ್ತು ವರ್ಷ ಇಳಿದಂತಿತ್ತು. “ಹಾಗಾದ್ರೆ ಆ ಮೂರನೇ ಪದ ಯಾರಿಗೆ?” ಎಂದು ಕೇಳಿದರು. ನಾನು ಕಿಟಕಿಯಾಚೆಯ ಗದ್ದೆಗಳನ್ನು ಗಮನವಿಟ್ಟು ನೋಡಿದೆ.

ಸಂಜೆ ಚೀಲ ತೊಳೆದು ಬೇಲಿ ಬದಿಯ ತಂತಿಗೆ ಹಾಕುತ್ತಿದ್ದೆ. ಆಚೆ ಹೂ ಕೊಯ್ಯುತ್ತಿದ್ದ ಪಕ್ಕದ ಮನೆಯ ಗಿರಿಜಕ್ಕ ತಲೆ ಎತ್ತದೆ ಹೇಳಿದರು:

“ಶೆಟ್ಲಿ ಖಾಲಿ ಆತಾ? ಹದಿನೈದು ದಿನದಿಂದ ವಾಸನೆ ಬತ್ತಿತ್ತು. ಶ್ರಾವಣದಲ್ಲೂ ತಡಿಲಿಕ್ಕಾಗದೆ ಕದ್ದು ತಿಂತಾರೆ ಪಾಪ, ಕೇಳೂದು ಎಂತಕ್ಕೆ ಅಂತ ಸುಮ್ನಿದ್ದೆ.”