ಮಾತು ಮುಗಿಸುವ ತಾಲೀಮು

ನಮ್ಮ ಕಡೆಯವರಿಗೆ ಮಾತು ಶುರು ಮಾಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ಮುಗಿಸುವುದು ಮಾತ್ರ ಸುತರಾಂ ಬರುವುದಿಲ್ಲ. ಜಗಳೂರಿನ ನನ್ನ ಮಾವನ ಮನೆಯಿಂದ ನಾವು ಹೊರಡುವುದನ್ನೇ ನೋಡಿ. ನಡುಮನೆಯಲ್ಲಿ ಎದ್ದು ನಿಂತು 'ಬರ್ತೀವಿ' ಅನ್ನುತ್ತೇವೆ. ಹೊಸ್ತಿಲ ಹತ್ತಿರ ಚಪ್ಪಲಿ ಹುಡುಕುವಾಗ ಯಾರದೋ ಮಗಳಿಗೆ ಗಂಡು ನೋಡುವ ವಿಷಯ ಬರುತ್ತದೆ. ಗೇಟಿನ ಹತ್ತಿರ ಹೋದಮೇಲೆ ನಿಜವಾದ ಮಾತು, ಅಂದರೆ ಒಳಗೆ ಅಷ್ಟು ಹೊತ್ತು ಕೂತಿದ್ದರೂ ಯಾರೂ ಎತ್ತದ ಮಾತು, ಆಗ ಬಾಯಿಗೆ ಬರುತ್ತದೆ. 'ನಿಂತ್ಕಂಡೇ ಎಷ್ಟು ಹೊತ್ತು ಮಾತಾಡ್ತೀರಿ, ಒಂದು ಗುಟುಕು ಚಾ ಕುಡುದು ಹೋಗ್ರಿ' ಎಂದು ಅತ್ತೆ ಮತ್ತೆ ಒಳಗೆ ಕರೆಯುತ್ತಾರೆ. ಒಮ್ಮೆ ಹೀಗೆ ಸಂಜೆ ಹೊರಟವರು ಮಾರನೆಯ ದಿನ ತಿಂಡಿ ತಿಂದು ಊರಿಗೆ ಬಂದೆವು.

ಇದನ್ನೆಲ್ಲ ಇಷ್ಟು ಸಿಟ್ಟಿನಿಂದ ಹೇಳಲು ಕಾರಣವಿದೆ. ನಾನು ಹೊನ್ನಾಳಿ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್. ಜನರನ್ನು ಹೊರಡಿಸುವುದೇ ನನ್ನ ನೌಕರಿ. ಒಂದು ಕಾಲು ಫುಟ್‌ಬೋರ್ಡಿನ ಮೇಲೆ, ಇನ್ನೊಂದು ಕಾಲು ನೆಲದ ಮೇಲೆ ಇಟ್ಟುಕೊಂಡು 'ಮತ್ತೇನು ಸಮಾಚಾರ?' ಎಂದು ಹೊಸದಾಗಿ ಆರಂಭಿಸುವ ಮಹನೀಯರನ್ನು ನೋಡಿ ನೋಡಿ ನನ್ನ ರಕ್ತದೊತ್ತಡ ಏರಿದೆ. ಅದಕ್ಕೇ ಕೊರಳಲ್ಲಿ ಸದಾ ಒಂದು ಸೀಟಿ. ಅದನ್ನು ಊದಿದರೆ ಬಸ್ಸು ಹೊರಡಲೇಬೇಕು, ಒಳಗೆ ಮಂತ್ರಿಗಳಿದ್ದರೂ ಸರಿ.

ಇಂಥ ನನಗೆ ಇರುವ ಒಂದೇ ಚಟ ಹ್ಯಾಮ್ ರೇಡಿಯೋ. ಪರೀಕ್ಷೆ ಬರೆದು, ಲೈಸೆನ್ಸ್ ಪಡೆದು, ಮನೆಯ ಮೇಲೆ ತಂತಿ ಕಟ್ಟಿ, ಗುರುತು ಪರಿಚಯ ಇಲ್ಲದ ದೇಶದವರ ಜೊತೆ ಮಾತಾಡುವ ಹವ್ಯಾಸ. 'ಫೋನ್ ಐತಲ್ರೀ, ಅದಕ್ಕೆ ತಂತಿನೂ ಬೇಡ' ಎನ್ನುತ್ತಾಳೆ ನನ್ನ ಹೆಂಡತಿ ಅನಸೂಯ. ನಮ್ಮ ಕ್ಲಬ್ಬಿನಲ್ಲಿ ಮೂವರಿದ್ದೇವೆ. ಒಬ್ಬ ನಾನು. ಇನ್ನೊಬ್ಬರು ಚನ್ನಗಿರಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿರುವ ಬಶೀರ್ ಸಾಬರು. ಮೂರನೆಯವರು ನ್ಯಾಮತಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಗಂಗಾ ಮೇಡಂ, ಸವಳಂಗದಿಂದ ಸ್ಕೂಟರಿನಲ್ಲಿ ಬರುತ್ತಾರೆ. ಕ್ಲಬ್ಬಿನ ಕಚೇರಿ ನಮ್ಮ ಮನೆಯ ಮಹಡಿಯ ಕೋಣೆ. ಮೊದಲು ಅಲ್ಲಿ ಹಪ್ಪಳದ ಡಬ್ಬಗಳಿದ್ದವು. ಅನಸೂಯ ಅವುಗಳನ್ನು ತೆಗೆದು ಜಾಗ ಬಿಟ್ಟುಕೊಟ್ಟಳು. ಈ ಉಪಕಾರವನ್ನು ನಾನು ಇಷ್ಟು ದಿನ ಎಲ್ಲೂ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ.

ಆದರೆ ರೇಡಿಯೋ ಸೆಟ್ಟು ನಮ್ಮದಲ್ಲ, ಜಿಲ್ಲಾ ಕೇಂದ್ರದ ದೊಡ್ಡ ಕ್ಲಬ್ಬಿನವರು ಎರವಲು ಕೊಟ್ಟದ್ದು. ವರ್ಷಕ್ಕೊಮ್ಮೆ ಶನಿವಾರ, ಭಾನುವಾರ ಒಂದು ಸ್ಪರ್ಧೆ ನಡೆಯುತ್ತದೆ. ಯಾರು ಹೆಚ್ಚು ಜನರನ್ನು ಮಾತಾಡಿಸುತ್ತಾರೋ ಅವರು ಗೆದ್ದಂತೆ. ಒಬ್ಬರಿಗೆ ಹೇಳಬೇಕಾದ್ದು ಇಷ್ಟೇ: 'ಫೈವ್ ನೈನ್', ಆಮೇಲೆ ನಮ್ಮ ಕ್ರಮಸಂಖ್ಯೆ, ಥ್ಯಾಂಕ್ಯೂ. ಫೈವ್ ನೈನ್ ಅಂದರೆ ನಿಮ್ಮ ದನಿ ಸ್ಪಷ್ಟವಾಗಿ ಕೇಳಿಸಿತು ಎಂದು. ಕೇಳಿಸದಿದ್ದರೂ ಹಾಗೇ ಹೇಳುವುದು ರೂಢಿ. ಮದುವೆ ಮನೆಯಲ್ಲಿ ಕೈ ತೊಳೆಯುತ್ತ ಊಟ ಭಾಳ ಚೆನ್ನಾಗಿತ್ತು ಅನ್ನುವುದಿಲ್ಲವೇ? ಹೋದ ವರ್ಷ ಬಶೀರ್ ಸಾಬರು ಕೇರಳದ ಒಬ್ಬರನ್ನು ಹಿಡಿದು ಅವರ ಮಂಡಿನೋವಿಗೆ ಔಷಧ ಹೇಳಿ ಮುಗಿಸುವಷ್ಟರಲ್ಲಿ ಬೇರೆಯವರು ಅರ್ಧ ಏಷ್ಯಾ ಮಾತಾಡಿಸಿದ್ದರು. ನಾವು ಪಟ್ಟಿಯ ಕೊನೆಯಲ್ಲಿ ಬಂದೆವು. 'ನಿಮ್ಮದು ಸ್ಪರ್ಧೆಯೋ, ಬೀಗರ ಔತಣವೋ?' ಎಂದು ದೊಡ್ಡ ಕ್ಲಬ್ಬಿನ ಅಧ್ಯಕ್ಷರು ಫೋನಿನಲ್ಲಿ ನಕ್ಕರು. ಈ ಸಲ ಹೋದ ವರ್ಷದ ಎರಡರಷ್ಟು ದಾಟದಿದ್ದರೆ ಸೆಟ್ಟು ವಾಪಸ್ಸು ಕೊಡಿ, ಬೇಕಾದರೆ ನಮ್ಮಲ್ಲಿಗೇ ಬಂದು ಮಾತಾಡಿ ಎಂದರು. ಅಷ್ಟು ದೂರ ಹೋಗಲು ಬಶೀರ್ ಸಾಬರಿಗೆ ಅಂಗಡಿ ಬಿಡುವಂತಿಲ್ಲ, ಮೇಡಂಗೆ ಮನೆ ಬಿಡುವಂತಿಲ್ಲ. ಸೆಟ್ಟು ಹೋದರೆ ಕ್ಲಬ್ಬೂ ಹೋಯಿತು.

ಹಾಗಾಗಿ ತಾಲೀಮು ಶುರು ಮಾಡಿದೆ. ಅಡಿಗೆಮನೆಯಲ್ಲಿರುವ ಅನಸೂಯಳೇ ಪರದೇಶ. ನಡುಮನೆಯಲ್ಲಿ ಕೂತವರು ಅವಳನ್ನು ಮಾತಾಡಿಸಿ ಕಳಿಸಬೇಕು. ಒಂದು ಮಾತು ಹೆಚ್ಚಾದರೂ ನಾನು ಸೀಟಿ ಊದುವುದು.

'ಹಲೋ, ನಾನು ಜಪಾನು' ಎಂದಳು ಅನಸೂಯ, ಒಗ್ಗರಣೆ ಹಾಕುತ್ತ.

'ಫೈವ್ ನೈನ್ ಅಕ್ಕಾ. ಏನ್ ಮಾಡ್ತಿದೀರಿ, ಘಮ್ ಅಂತೈತಲ್ಲ?' ಎಂದರು ಬಶೀರ್ ಸಾಬರು. ಸೀಟಿ ಊದಿದೆ.

'ಜಪಾನಿನವರನ್ನ ಅಕ್ಕಾ ಅಂತಾರೇನ್ರೀ?'

'ಮತ್ತೆ ಹೆಸರು ಹಿಡಿದು ಕರಿಯಾಕೆ ಆಗತೈತಾ ಸರ್?'

ಗಂಗಾ ಮೇಡಂ ಇನ್ನೂ ಗಟ್ಟಿ ಆಸಾಮಿ. 'ಫೈವ್ ನೈನ್, ಊಟ ಆತಾ?' ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವರು. ಸಮಯ ಉಳಿಯಿತಲ್ಲ ಎಂದು ವಾದ ಬೇರೆ. 'ಬಾಗಿಲಿಗೆ ಬಂದೋರನ್ನ ಊಟ ಆತಾ ಅಂತ ಕೇಳದೆ ಹೆಂಗೆ ಕಳಿಸಾದು ಸರ್? ಕುತ್ತಿಗೆ ಹಿಡಿದು ದಬ್ಬಿದಂಗೆ ಆಗತೈತೆ' ಎಂದರು. ದಬ್ಬುವುದೇ ಸ್ಪರ್ಧೆ ಎಂದು ನಾನು ಮೇಜು ಕುಟ್ಟಿದೆ. ದಿನವಿಡೀ ಬಸ್ಸು ದಬ್ಬಿದ ಗಂಟಲು, ಸ್ವಲ್ಪ ಜೋರೇ ಆಯಿತು. ಪಾಪ, ಇಬ್ಬರೂ ತಲೆ ತಗ್ಗಿಸಿ ಫೈವ್ ನೈನ್ ಜಪ ಮಾಡಿದರು.

ಸ್ಪರ್ಧೆಯ ಶನಿವಾರ ಬಂತು. ನಮ್ಮ ನೀರಿನ ಟ್ಯಾಂಕಿನಿಂದ ಪಕ್ಕದ ಮನೆಯ ತೆಂಗಿನ ಮರಕ್ಕೆ ತಂತಿ ಬಿಗಿದಾಯಿತು. ಪಕ್ಕದ ಮನೆಯವರು ಎರಡು ದಿನ ಕಾಯಿ ಕೀಳಿಸುವುದಿಲ್ಲ ಎಂದು ಮಾತು ಕೊಟ್ಟರು, ಅವರ ಹೊಟ್ಟೆ ತಣ್ಣಗಿರಲಿ. ಅನಸೂಯ ಒಂದು ಬೇಸಿನ್ ತುಂಬ ಮಂಡಕ್ಕಿ ಕಲಸಿ, ಮಿರ್ಚಿ ಕರಿದು ಮೇಲೆ ಕಳಿಸಿದಳು. ಬಶೀರ್ ಸಾಬರು ನನ್ನ ಸೀಟಿಗೆ ಹೆದರಿ ಚೆನ್ನಾಗಿಯೇ ಜನರನ್ನು ಕಳಿಸಿದರು. ಮಧ್ಯಾಹ್ನ ಮೇಡಂ ಮೈಕು ಹಿಡಿದಾಗ ಜಪಾನಿನ ಒಬ್ಬ ಹಿರಿಯರು ಸಿಕ್ಕರು. ನಡುಗುವ ದನಿ. ಮೇಡಂ ಫೈವ್ ನೈನ್ ಹೇಳಿದರು, ಸಂಖ್ಯೆ ಹೇಳಿದರು, ಥ್ಯಾಂಕ್ಯೂ ಹೇಳಿದರು. ಒಂದು ಕ್ಷಣ ನನ್ನ ಕಡೆ ನೋಡಿದರು. ಆಮೇಲೆ ತಡೆಯಲಾಗದೆ 'ಹ್ಯಾಡ್ ಯುವರ್ ಫುಡ್, ಸರ್?' ಎಂದೇಬಿಟ್ಟರು.

ನಾನು ಅಭ್ಯಾಸಬಲದಿಂದ ಸೀಟಿ ಊದಿದೆ. ಮೈಕು ಇನ್ನೂ ತೆರೆದಿತ್ತು. ಹೊನ್ನಾಳಿ ಬಸ್ ಸ್ಟ್ಯಾಂಡಿನ ಸೀಟಿ ನೆಟ್ಟಗೆ ಜಪಾನಿಗೆ ಹೋಯಿತು.

'ಟ್ರೇನ್?' ಎಂದು ಕೇಳಿದರು ಹಿರಿಯರು.

'ನೋ ಸರ್, ಕ್ಯಾಪ್ಟನ್' ಎಂದರು ಮೇಡಂ.

ಹಿರಿಯರು ತುಂಬ ಹೊತ್ತು ನಕ್ಕರು. ಅನ್ನ, ಮೀನು ಊಟ ಮಾಡಿದೆ, ಒಬ್ಬನೇ ಮಾಡಿದೆ, ನಿಮ್ಮದಾಯಿತೇ ಎಂದು ಕೇಳಿದರು. ಮೇಡಂ ಮಂಡಕ್ಕಿಯನ್ನು ಇಂಗ್ಲಿಷಿನಲ್ಲಿ ವರ್ಣಿಸತೊಡಗಿದರು. ನನಗೆ ರೇಗಿಹೋಯಿತು. ನಾಳೆ ನಾನೇ ಮೈಕಿನ ಮುಂದೆ ಕೂರುತ್ತೇನೆ, ನೀವಿಬ್ಬರೂ ಬರೀ ಲೆಕ್ಕ ಬರೆಯಿರಿ ಎಂದುಬಿಟ್ಟೆ. ಮೇಡಂ ಪೆನ್ನು ತೆಗೆದುಕೊಂಡರು.

ಭಾನುವಾರ ಬೆಳಗಿನಿಂದ ಕೂಗಿದೆ. ನನ್ನದು ಬಲು ಚುಟುಕು. ಎಷ್ಟು ಚುಟುಕೆಂದರೆ ಉತ್ತರ ಕೊಡುವವರೇ ಇಲ್ಲ. ನಮ್ಮ ಸಣ್ಣ ತಂತಿಯ ದನಿ ಮುಟ್ಟುವಷ್ಟು ದೂರದಲ್ಲಿ ಸ್ಪರ್ಧೆಗೆ ಕೂತವರನ್ನೆಲ್ಲ ನಿನ್ನೆಯೇ ಮಾತಾಡಿಸಿ ಆಗಿತ್ತು. ಊಟದ ಹೊತ್ತು ದಾಟಿದರೂ ಅಧ್ಯಕ್ಷರು ಹೇಳಿದ ಸಂಖ್ಯೆ ಮುಟ್ಟಲಿಲ್ಲ. ಬಶೀರ್ ಸಾಬರು ಮೂಲೆಯಲ್ಲಿದ್ದ ಸೆಟ್ಟಿನ ರಟ್ಟಿನ ಪೆಟ್ಟಿಗೆಯನ್ನು ಸದ್ದಿಲ್ಲದೆ ಒರೆಸತೊಡಗಿದರು.

ಆಗ ಅದೇ ನಡುಗುವ ದನಿ ಬಂತು. ಒಮ್ಮೆ ಮಾತಾಡಿಸಿದವರು ಮತ್ತೆ ಬಂದರೆ ಲೆಕ್ಕಕ್ಕಿಲ್ಲ. ನಾನು ಫೈವ್ ನೈನ್, ಥ್ಯಾಂಕ್ಯೂ ಎಂದು ಸಾಗಹಾಕಲು ನೋಡಿದೆ. ಅವರು ಹೋಗಲಿಲ್ಲ.

'ನೋ ಕ್ಯಾಪ್ಟನ್. ಫುಡ್ ಲೇಡಿ, ಪ್ಲೀಸ್' ಎಂದರು.

ನಾನು ಎದ್ದು ಕುರ್ಚಿ ಬಿಟ್ಟುಕೊಟ್ಟೆ. ಮೇಡಂ ಕೂತು 'ಗುಡ್ ಆಫ್ಟರ್‌ನೂನ್ ಸರ್, ಹ್ಯಾಡ್ ಯುವರ್ ಫುಡ್?' ಎಂದರು. ಇವತ್ತು ಒಬ್ಬನೇ ಅಲ್ಲ, ಗೆಳೆಯರಿಗೆಲ್ಲ ನಿಮ್ಮ ವಿಷಯ ಹೇಳಿದ್ದೇನೆ, ಕಾಯುತ್ತಿದ್ದಾರೆ ಎಂದು ಅವರು ಬಿಟ್ಟು ಬಿಟ್ಟು ಹೇಳಿದರು. ಅವರು ಸರಿದುಕೊಂಡದ್ದೇ ತಡ, ಸೆಟ್ಟಿನ ತುಂಬ ದನಿಗಳು. ಸಾಲಾಗಿ ಬಂದರು. ಪ್ರತಿಯೊಬ್ಬರೂ ಸಂಖ್ಯೆ ಹೇಳಿ, ಥ್ಯಾಂಕ್ಯೂ ಹೇಳಿ, ಕೊನೆಯಲ್ಲಿ ಮೇಡಂಗೆ ಊಟವಾಯಿತೇ ಎಂದು ಕೇಳಿದರು. ಮೇಡಂ ಪ್ರತಿಯೊಬ್ಬರಿಗೂ ಆಯಿತು ಎಂದರು. ನಿಜ ಹೇಳಬೇಕೆಂದರೆ ಆಗಿರಲಿಲ್ಲ, ನಾನು ಯಾರನ್ನೂ ಊಟಕ್ಕೇ ಬಿಟ್ಟಿರಲಿಲ್ಲ. ಲೆಕ್ಕ ಬರೆಯುತ್ತಿದ್ದ ಬಶೀರ್ ಸಾಬರು ಒಂದು ಸಲ ಪೆನ್ನು ಎತ್ತಿ 'ದಾಟಿದ್ವಿ ಸರ್' ಎಂದರು. ನಾನು ಸೀಟಿಯನ್ನು ಕೊರಳಿನಿಂದ ತೆಗೆದು ಜೇಬಿಗೆ ಹಾಕಿಕೊಂಡೆ, ಕೆಳಗೆ ಹೋಗಿ ಮೂವರಿಗೂ ತಟ್ಟೆ ಹಚ್ಚಿಸಿಕೊಂಡು ಬಂದೆ. ಯಾವ ಊರಿನವರೋ, ಯಾವ ಜನವೋ. ಮುಖ ನೋಡದ ಒಬ್ಬ ಮುದುಕರು ನಮ್ಮ ಕ್ಲಬ್ಬು ಉಳಿಸಿದರು. ಅವರಿಗೆ ನಾನು ಕೊಟ್ಟದ್ದು ಒಂದು ಸೀಟಿ.

ಸಂಜೆ ಅಧ್ಯಕ್ಷರು ಫೋನ್ ಮಾಡಿ ಸೆಟ್ಟು ನಿಮ್ಮಲ್ಲೇ ಇರಲಿ ಎಂದರು. ಮೇಡಂ ಬೆಳಕಿರುವಾಗಲೇ ಸ್ಕೂಟರ್ ಹತ್ತಬೇಕಿತ್ತು, ಬಶೀರ್ ಸಾಬರಿಗೆ ಚನ್ನಗಿರಿಯ ಬಸ್ಸಿತ್ತು. ನಾನು ಗೇಟಿನವರೆಗೆ ಹೋದೆ. ನಿನ್ನೆ ರೇಗಿದ್ದು ತಪ್ಪಾಯಿತು ಎಂದು ಮೇಡಂಗೆ ಹೇಳಿದೆ. 'ಅಯ್ಯೋ ಬಿಡ್ರಿ ಸರ್, ನಿಮ್ಮ ಸೀಟಿಯಿಂದ್ಲೇ ಅವರಿಗೆ ನಮ್ಮ ನೆನಪು ಉಳಿದಿದ್ದು' ಎಂದು ನಕ್ಕು ಅವರು ಹೊರಟರು. ಆಮೇಲೆ ಬಶೀರ್ ಸಾಬರ ಕೈ ಹಿಡಿದುಕೊಂಡೆ. ಆ ಕೇರಳದವರ ಮಂಡಿನೋವು ಈಗ ಹೇಗಿದೆ ಎಂದು ಕೇಳಿದೆ. ಅದಕ್ಕೆ ಹೇಳಿದ ಔಷಧ ಯಾವುದು, ನನ್ನ ಮಂಡಿಗೂ ಆದೀತೇ ಎಂದೆ. ಸಾಬರ ತಮ್ಮನ ಹೊಸ ಮನೆ ಎಲ್ಲಿಗೆ ಬಂತು ಎಂದೆ. ಮಾತಿಗೆ ಮಾತು ಬೆಳೆಯಿತು.

ಹಿಂದಿನಿಂದ ಪೀ ಎಂದು ಸೀಟಿ ಕೇಳಿಸಿತು. ಸಂಜೆ ನಾನು ಬದಲಿಸಿ ಒಗೆಯಲು ಹಾಕಿದ್ದ ಅಂಗಿಯ ಜೇಬಿನಿಂದ ಅದನ್ನು ತೆಗೆದುಕೊಂಡು ಅನಸೂಯ ಬಾಗಿಲಲ್ಲಿ ನಿಂತಿದ್ದಳು.

'ಫೈವ್ ನೈನ್, ಥ್ಯಾಂಕ್ಯೂ ಅಂತ ಹೇಳಿ ಕಳಿಸ್ರೀ ಅವರನ್ನ! ಚನ್ನಗಿರಿ ಬಸ್ಸು ಹೋಗಿ ಆಗಲೇ ಅರ್ಧ ಗಂಟೆ ಆತು' ಎಂದಳು.

ಆ ಬಸ್ಸಿನ ಸಮಯ ನನಗಿಂತ ಚೆನ್ನಾಗಿ ಬಲ್ಲವರು ಈ ಹೊನ್ನಾಳಿಯಲ್ಲಿ ಯಾರೂ ಇಲ್ಲ. ಬಶೀರ್ ಸಾಬರು ರಾತ್ರಿ ನಮ್ಮಲ್ಲೇ ಮಲಗಿ, ಬೆಳಿಗ್ಗೆ ತಿಂಡಿ ತಿಂದು ಹೋದರು.