ಕೊಟ್ಟಿಗೆಯಲ್ಲಿ ಕೆಮ್ಮುತ್ತಿದ್ದ ದೊಡ್ಡಜ್ಜ

ಮಕ್ಕಳೇ, ನಿಮ್ಮ ದೊಡ್ಡಜ್ಜನಷ್ಟು ಗಟ್ಟಿ ಆರೋಗ್ಯದ ಮನುಷ್ಯ ನಮ್ಮ ಹೆಮ್ಮಾಡಿ ಊರಲ್ಲೇ ಇರಲಿಲ್ಲ. ನಂಬಿಕೆ ಬರಲಿಲ್ಲವೇ? ಅವರನ್ನು ಕೇಳಿದ್ದರೆ ಹಾಗೇ ಹೇಳುತ್ತಿದ್ದರು!

ದೊಡ್ಡಜ್ಜ ಅಂದರೆ ನಿಮ್ಮಜ್ಜನ ಅಣ್ಣ, ನನಗೆ ಭಾವ. ಮದುವೆಯಾಗದೆ ನಮ್ಮೊಂದಿಗೇ ಇದ್ದರು. ಸೈನ್ಯದ ಡಿಪೋದಲ್ಲಿ ರಾಸಾಯನಿಕದ ಡ್ರಮ್ಮು ತೊಳೆದು ತೊಳೆದು, ಆ ಘಾಟಿಗೆ ಎದೆ ಸುಟ್ಟುಕೊಂಡು ಬಂದವರು. ಆದರೆ ಅವರು ಕೆಮ್ಮಿದ್ದನ್ನು ಕಂಡವರಿಲ್ಲ. ಕೆಮ್ಮು ಬಂದರೆ ಸೀದಾ ಕೊಟ್ಟಿಗೆಗೆ ಹೋಗಿ, ಅಲ್ಲಿ ಮುಗಿಸಿ, ಎದೆಯುಬ್ಬಿಸಿ ವಾಪಸು ಬರುತ್ತಿದ್ದರು.

ಪಕ್ಕದ ಮನೆಯಾಕೆ ಒಂದು ದಿನ ಬೇಲಿಯಾಚೆಯಿಂದ, "ಹ್ವಾಯ್, ನಿಮ್ಮನಿ ಕರುವಿಗ್ ಎಂತ ಕೆಮ್ಮು ಮಾರಾಯ್ರೆ!" ಅಂದಳು.

"ಹೌದ್, ಅದ್ಕ್ ಥಂಡಿ ಆಯ್ತ್" ಅಂದರು ಭಾವ, ಗಂಭೀರವಾಗಿ.

ಅವಳು ಕಾಳುಮೆಣಸಿನ ಕಷಾಯ ತಂದೇ ಬಿಟ್ಟಳು. ಪಾಪ, ಕುಡಿದದ್ದು ಕರು!

ನಮಗೆ ನಗು, ನಗುವಿನ ಹಿಂದೆಯೇ ಹೆದರಿಕೆ. ಅವರಿಗೆ ದಿನಾ ಔಷಧಿ ಬೇಕಿತ್ತು. ಅಂಗವೈಕಲ್ಯ ಪಿಂಚಣಿ ಬಾರದೆ ಅದನ್ನು ತರುವ ಶಕ್ತಿ ನಮಗಿರಲಿಲ್ಲ. ನಿಮ್ಮಜ್ಜ ಓಡಾಡಿ ಅರ್ಜಿ ಹಾಕಿಸಿ, ಸೈನ್ಯದ ಡಾಕ್ಟರುಗಳು ಪರೀಕ್ಷಿಸುವ ಮೆಡಿಕಲ್ ಬೋರ್ಡಿಗೆ ಕರೆದೊಯ್ದರು. ಮರಳಿ ಬಂದವರೇ ಚೀಲ ಎಸೆದರು: "ಡಾಕ್ಟ್ರ್ ಎಂತ ತೊಂದ್ರಿ ಕೇಂಡ್ರೆ, ಅಣ್ಣಯ್ಯ ಸೆಲ್ಯೂಟ್ ಹೊಡ್ದ್ ‘ಫಿಟ್ ಸಾಬ್’ ಅಂದ! ಮೇಲಿಂದ ಬಸ್ಕಿ ಬೇರೆ ತೆಗ್ದ!"

"ಆಫೀಸರ್ ಎದ್ರ್ ಕೆಮ್ಮುಕ್ ಆತ್ತಾ?" ಎಂದರು ಭಾವ. ಡಿಪೋದಲ್ಲಿ ಜೊತೆಗಾರನೊಬ್ಬ ಕೆಮ್ಮು ಅಂದದ್ದೇ ತಡ, ಕೆಲಸ ಬಿಡಿಸಿ ಮನೆಗೆ ಕಳಿಸಿದ್ದರಂತೆ. ಅಂದಿನಿಂದ ಇವರು ಕೆಮ್ಮು ನುಂಗಿದರು. ಅರ್ಜಿ ಬಿದ್ದುಹೋಯಿತು.

ಮೇಲ್ಮನವಿ ಹಾಕಿ ಮತ್ತೆ ಕರೆ ಬರುವಷ್ಟರಲ್ಲಿ ನಿಮ್ಮಜ್ಜ ತೀರಿಕೊಂಡಿದ್ದರು. ಜೊತೆಗೆ ಹೋಗಲು ಉಳಿದವಳು ನಾನು. ಭಾವನ ಎದುರು ನಿಂತು ಮಾತಾಡುವುದು ನಮ್ಮಲ್ಲಿ ಉಂಟೇ? "ಊಟಕ್ಕಾಯ್ತ್" ಅನ್ನುವುದನ್ನೂ ಬಾಗಿಲ ಮರೆಯಿಂದ ಗೋಡೆಗೆ ಹೇಳಿದವಳು! ಬಸ್ಸಿನಲ್ಲೂ ಅವರು ಮುಂದೆ, ನಾನು ಹಿಂದೆ. ಇವರು ಮತ್ತೆ ಬಸ್ಕಿ ತೆಗೆದರೆ ಏನು ಗತಿ ಎಂದು ದಾರಿಯುದ್ದಕ್ಕೂ ಅವರ ಬೆನ್ನನ್ನೇ ನೋಡುತ್ತಿದ್ದೆ.

ಅಲ್ಲಿಯೂ ನಾನು ಬಾಗಿಲ ಹೊರಗೇ ನಿಂತೆ. ಒಳಗೆ ಡಾಕ್ಟರು ತೊಂದರೆಯೇನೆಂದು ಕೇಳಿದರು. ಭಾವ ಉಸಿರು ಕಟ್ಟಿ ನಿಂತರು. ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು, ಕೈ ಸೆಲ್ಯೂಟಿಗೆ ಏರತೊಡಗಿತು. ನನಗೇನಾಯಿತೋ, ಬಾಗಿಲು ದಾಟಿ ಒಳಗೆ ಹೋಗಿ ಅವರ ಮುಖ ನೋಡಿಯೇ ಹೇಳಿದೆ:

"ಭಾವ, ಕೆಮ್ಮಿ. ಇನ್ನ್ ನಿಮ್ಮನ್ನ್ ಯಾರ್ ಮನಿಗ್ ಕಳ್ಸೂದ್? ನೀವ್ ಮನಿಗ್ ಬಂದಾಯ್ತಲ್ದಾ."

ಕೈ ಅರ್ಧಕ್ಕೇ ನಿಂತಿತು. ಆಮೇಲೆ ಕೆಮ್ಮಿದರು ನೋಡಿ, ಕುರ್ಚಿ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು!

ಪಿಂಚಣಿ ಬಂತು. ಭಾವ ಮತ್ತೆ ಕೊಟ್ಟಿಗೆಗೆ ಹೋಗಲಿಲ್ಲ. ಚಾವಡಿಯಲ್ಲೇ ಕೂತು ಕೆಮ್ಮುತ್ತಿದ್ದರು. ನಾನೂ ಬಾಗಿಲ ಮರೆ ಬಿಟ್ಟು ಬಂದು, ಕಷಾಯದ ಲೋಟವನ್ನು ಅವರ ಕೈಗೇ ಕೊಡುತ್ತಿದ್ದೆ.