ಅತ್ತೆಯ ಸೌಟು ಮತ್ತು ಬಸುರಿ ಕುದುರೆ

ಡಯಟ್ ಮಾಡುತ್ತಿರುವವರಿಗೆ ನನ್ನದೊಂದು ಕಿವಿಮಾತು. ಕುಶಾಲನಗರದ ಕಡೆ ಬಂದರೆ ನಮ್ಮ ಸೋದರತ್ತೆಯ ಮನೆಯ ಮುಂದಿನ ರಸ್ತೆ ಹಿಡಿಯಬೇಡಿ. ಸುತ್ತು ಬಳಸಾದರೂ ಪರವಾಗಿಲ್ಲ, ಕಾಲುವೆ ಏರಿಯ ಮೇಲೆ ಹೋಗಿ. ಒಂದು ಸಲ ಕರೆಂಟಿನ ಮೀಟರ್ ನೋಡಲು ಬಂದವರು ಕಡುಬು ತಿಂದು, ಮೀಟರ್ ನೋಡುವುದನ್ನೇ ಮರೆತು ಹೋದರು. ಮರುದಿನ ನೆನಪಾಗಿ ಮತ್ತೆ ಬಂದರು. ಮತ್ತೆ ಕಡುಬು ತಿಂದು, ಮತ್ತೆ ಮರೆತು ಹೋದರು!

ಅಜ್ಜನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ಇಲ್ಲಿ ಜೋಳ, ಶುಂಠಿ ಬೆಳೆದುಕೊಂಡು ನೆಲೆನಿಂತ ಮನೆತನ ನಮ್ಮದು. ನಾನು ಮಡಿಕೇರಿಯಲ್ಲಿ ಟೀಚರು. ಭಾನುವಾರ ಅತ್ತೆಯ ಮನೆಗೆ ಹೋಗಿ ಸೋಮವಾರ ವಾಪಸಾಗುವಾಗ ಬಸ್ಸಿನಲ್ಲಿ ಒಂದೂವರೆ ಸೀಟು ಹಿಡಿಯುವಷ್ಟು ಆಗಿರುತ್ತೇನೆ. ಇನ್ನು ಮಾವನಿಗೆ ‘ಸಾಕು’ ಎನ್ನುವ ಅಭ್ಯಾಸವೇ ಇಲ್ಲ. ಇದ್ದಿದ್ದರೆ ಅವರ ಹೊಟ್ಟೆ ಆ ಗಾತ್ರಕ್ಕೆ ಏಕೆ ಬೆಳೆಯುತ್ತಿತ್ತು?

ಆ ಮಾವನೇ ಕುದುರೆಯನ್ನು ತಂದದ್ದು. ಹತ್ತಿರದಲ್ಲೊಂದು ರೆಸಾರ್ಟಿತ್ತು. ಪ್ರವಾಸಿಗರನ್ನು ಕೂರಿಸಿ ಒಂದು ಸುತ್ತು ಹೊಡೆಸಲು ಅಲ್ಲಿ ಕಂದುಬಣ್ಣದ ಹೆಣ್ಣು ಕುದುರೆಯೊಂದನ್ನು ಸಾಕಿದ್ದರು. ಮಳೆಗಾಲದ ಕೊನೆಗೆ ರೆಸಾರ್ಟು ಮುಚ್ಚಿಹೋದಾಗ ಅಲ್ಲಿನ ಮಲಯಾಳಿ ಮ್ಯಾನೇಜರ್, “ಮಳೆ ಪೂರ್ತಿ ನಿಲ್ಲೋ ತನಕ ಇಟ್ಟುಕೊಳ್ಳಿ ಚೇಟ್ಟಾ” ಎಂದು ಹಗ್ಗ ಮಾವನ ಕೈಗಿತ್ತು ಊರಿಗೆ ಹೋದವರು ಮತ್ತೆ ಪತ್ತೆಯಿಲ್ಲ. ರೆಸಾರ್ಟಿನವರು ಇಟ್ಟಿದ್ದ ಹೆಸರು ಡೈಸಿ. ಅತ್ತೆಯ ನಾಲಿಗೆಯಲ್ಲಿ ಅದು ‘ದಾಸಿ’ಯಾಯಿತು. ಎರಡು ಸಲ ಹಾಗೆ ಕರೆದ ಮೇಲೆ ಅವರಿಗೇ ಕಸಿವಿಸಿಯಾಗಿ, ಬಡ್ತಿ ಕೊಟ್ಟು ‘ರಾಣಿ’ ಮಾಡಿದರು.

ಬಂದ ದಿನ ರಾಣಿಯ ಪಕ್ಕೆಲುಬುಗಳು ಕಾಣುತ್ತಿದ್ದವು. ನಮ್ಮತ್ತೆಯ ಕಣ್ಣಿಗೆ ಅಂಥದ್ದು ಬೀಳಬಾರದು. ಅಂದೇ ಅವರ ಜೀವನಕ್ಕೊಂದು ಹೊಸ ಗುರಿ ಸಿಕ್ಕಿತು. ಅದರ ಮೇಲೆ, ತಪಾಸಣೆಗೆ ಬಂದ ಪಶುವೈದ್ಯೆ ಕುದುರೆಗೆ ಗಬ್ಬ ನಿಂತು ಆಗಲೇ ಐದಾರು ತಿಂಗಳಾಗಿದೆ ಎಂದುಬಿಟ್ಟರು! ಡಾಕ್ಟರು ಹೊಸದಾಗಿ ಬಂದಿದ್ದ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಗಾಳಿಬೀಡಿನ ಕಡೆಯವರು. ಮುಖ್ಯವಾಗಿ ಒಳ್ಳೆಯ ಹುಲ್ಲು ಹಾಕಬೇಕು, ನೆನೆಸಿದ ಹುರುಳಿ ಮತ್ತು ಬೂಸಾ ಅಳತೆಯಲ್ಲಿರಬೇಕು, ಕೊನೆಯ ಮೂರು ತಿಂಗಳು ಸ್ವಲ್ಪ ಸ್ವಲ್ಪವೇ ಹೆಚ್ಚಿಸಬೇಕು, ದಿನಾ ನಡೆಸಬೇಕು ಎಂದೆಲ್ಲ ಬಿಡಿಸಿ ಹೇಳಿದರು. ಅತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿಸಿಕೊಂಡರು.

“ಬಸುರಿಗೆ ಬರೀ ಹುಲ್ಲಾ? ನಿಮ್ಮ ಮನೇಲೂ ಹಂಗೇನಾ ಡಾಕ್ಟ್ರೇ?”

ಡಾಕ್ಟರು ನಕ್ಕು ಸ್ಕೂಟರು ಹತ್ತಿದರು. ಅವರಿಗೆ ನಮ್ಮತ್ತೆಯ ಪರಿಚಯ ಇನ್ನೂ ಸರಿಯಾಗಿ ಆಗಿರಲಿಲ್ಲ, ಪಾಪ.

ಅದಾಗಿ ಕೆಲವು ವಾರಗಳ ನಂತರದ ಒಂದು ಭಾನುವಾರ. ನಾನು ಹೋಗುವ ಹೊತ್ತಿಗೆ ರಾಣಿ ಹುಲ್ಲು ಮುಟ್ಟದೆ ನಿಂತಿದ್ದಳು. ಮುಂಗಾಲಿನಿಂದ ನೆಲ ಕೆರೆಯುವುದು, ಕತ್ತು ತಿರುಗಿಸಿ ತನ್ನ ಹೊಟ್ಟೆಯನ್ನೇ ನೋಡುವುದು, ಮಲಗುವುದು, ಏಳುವುದು, ಮತ್ತೆ ಮಲಗುವುದು. ಮೈಯೆಲ್ಲ ಬೆವರಿತ್ತು. ಡಾಕ್ಟರು ಓಡಿಬಂದು ಏನು ತಿನ್ನಿಸಿದಿರಿ ಎಂದು ಕೇಳಿದರು. ಹುಲ್ಲು, ಹುರುಳಿ ಎಂದರು ಅತ್ತೆ. ಮಾವ ತೆಂಗಿನಮರದ ತುದಿಯನ್ನು ನೋಡುತ್ತ, “ಸಿಹಿ ಹುಗ್ಗಿ” ಎಂದರು.

“ಎಷ್ಟು?”

“ಮದುವೆ ಮನೆ ಪಾತ್ರೇಲಿ.”

ಡಾಕ್ಟರು ಬೈಯಲಿಲ್ಲ. ಮೂಗಿನಿಂದ ಕೊಳವೆ ಇಳಿಸಿ ಔಷಧಿ ಹಾಕಿ, ಇಂಜೆಕ್ಷನ್ ಕೊಟ್ಟು, ಕೈ ತೊಳೆಯುತ್ತ ಅತ್ತೆಗೆ ಮೆಲ್ಲಗೆ ಹೇಳಿದರು: “ಕುದುರೆಗೆ ವಾಂತಿ ಮಾಡಕ್ಕೆ ಬರಲ್ಲಮ್ಮ. ನಮಗೆ ಜಾಸ್ತಿಯಾದ್ರೆ ಹೊರಗೆ ಹಾಕ್ತೀವಿ. ಅದಕ್ಕೆ ಒಳಗೇ ಉಳಿದುಬಿಡುತ್ತೆ. ತಾಯಿನೂ ಹೋಗುತ್ತೆ, ಮರಿನೂ ಹೋಗುತ್ತೆ.”

ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಡಾಕ್ಟರು ಹೇಳಿದಂತೆ ಹಗ್ಗ ಹಿಡಿದು ಅಂಗಳದಲ್ಲಿ ರಾಣಿಯನ್ನು ನಡೆಸತೊಡಗಿದರು. ನಾನು ಹಿಡಿಯುತ್ತೇನೆಂದರೆ ಕೊಡಲಿಲ್ಲ, ಮಾವನಿಗೂ ಕೊಡಲಿಲ್ಲ. ಬಿಸಿಲು ನೆತ್ತಿಗೇರಿದ ಮೇಲೆ ರಾಣಿ ಬಾಲವೆತ್ತಿ ಲದ್ದಿ ಹಾಕಿದಳು. ಇನ್ನು ಭಯವಿಲ್ಲ ಎಂದರು ಡಾಕ್ಟರು. ಅತ್ತೆ ಅಲ್ಲೇ ನಿಂತು ಕೈಮುಗಿದರು. ದೇವರಿಗೆ ಎಂದು ಅವರು ಆಮೇಲೆ ವಾದಿಸಿದರು, ನಿಜ. ಆದರೆ ಕಣ್ಣು ನೆಟ್ಟಿದ್ದು ಲದ್ದಿಯ ಮೇಲೆ!

ಅಂದಿನಿಂದ ಅತ್ತೆ ಬೇರೆಯೇ ಮನುಷ್ಯರಾದರು. ಹುರುಳಿಯನ್ನು ಪಾವಿನಲ್ಲಿ ಅಳೆದು, ಮೇಲಿನ ಗೋಪುರವನ್ನು ಬೆರಳಿನಿಂದ ಸವರಿ ಸಮ ಮಾಡುತ್ತಿದ್ದರು. ಹಬ್ಬದ ಕಜ್ಜಾಯ ಹಿಡಿದು ಕೊಟ್ಟಿಗೆಯ ಕಡೆ ಹೊರಟ ಪಕ್ಕದ ಮನೆಯ ಹೆಂಗಸನ್ನು ತಡೆದು, “ಕಣ್ಣಲ್ಲಿ ನೋಡ್ಕೊಂಡು ಹೋಗವ್ವ” ಎಂದರಂತೆ. ಬೆಳಿಗ್ಗೆ ಕಾಲುವೆ ಏರಿಯ ಮೇಲೆ ಕುದುರೆಗೆ ವಾಕಿಂಗು. ಒಬ್ಬರೇ ಹೋಗಲು ಬೇಜಾರೆಂದು ಮಾವನಿಗೂ ವಾಕಿಂಗು. ರಾಣಿಯ ಹೊಟ್ಟೆ ಮುಂದೆ ಬಂದಂತೆಲ್ಲ ಮಾವನ ಹೊಟ್ಟೆ ಹಿಂದೆ ಹೋಯಿತು. ಆದರೆ ಬಡಿಸುವ ಕೈ ಸುಮ್ಮನಿರುತ್ತದೆಯೇ? ಕುದುರೆಗೆ ತಪ್ಪಿದ್ದೆಲ್ಲ ಡಾಕ್ಟರ ಪಾಲಾಯಿತು. ಕುದುರೆಯ ತೂಕದ ಬಗ್ಗೆ ಎಚ್ಚರಿಕೆ ಹೇಳಲು ಬರುತ್ತಿದ್ದ ಆ ಹೆಣ್ಣುಮಗಳು, ಕೊನೆಕೊನೆಗೆ ಸ್ಕೂಟರನ್ನು ಕಾಲುವೆಯ ಆಚೆಯೇ ನಿಲ್ಲಿಸಿ, ಅತ್ತೆ ಒಳಗಿದ್ದಾರೋ ಹೊರಗಿದ್ದಾರೋ ಎಂದು ನೋಡಿಕೊಂಡು ಬರುವಂತಾಯಿತು.

ಒಂಬತ್ತು ತಿಂಗಳು ದಾಟಿದಾಗ ಬೀದಿಯ ಹೆಂಗಸರು ಲೆಕ್ಕ ಹಾಕಿ ಗಾಬರಿಯಾದರು. ಇನ್ನೂ ಆಗಿಲ್ಲವೇ ಎಂದು ದಿನಾ ವಿಚಾರಣೆ. ಕುದುರೆಗೆ ಹನ್ನೊಂದು ತಿಂಗಳು ಎಂದು ಎಲ್ಲರಿಗೂ ತಿಳಿಹೇಳಿದ ಅತ್ತೆಯೇ, ಹನ್ನೊಂದು ತುಂಬಿದ ಮೇಲೆ ಗಾಬರಿಯಾದರು. ಹುಗ್ಗಿಯಿಂದ ಒಳಗಿನ ಮರಿಗೇನಾದರೂ ಆಗಿರಬಹುದೇ ಎಂಬ ಚಿಂತೆ ಅವರನ್ನು ಕೊರೆಯುತ್ತಿತ್ತು. ಮಾವನಿಗೆ ಹೇಳಿರಲಿಲ್ಲ. ನನಗೂ, ಬೇಸಗೆ ರಜೆಗೆ ಹೋದಾಗ, ಬೇರೇನೋ ಮಾತಿನ ನಡುವೆ ಹೇಳಿ ಎದ್ದುಹೋದರು.

ಕೆಚ್ಚಲು ತುಂಬಿತು. ತೊಟ್ಟಿನ ತುದಿಯಲ್ಲಿ ಮೇಣದಂಥ ಹನಿ ಕಟ್ಟಿತು. ಇನ್ನು ದೂರವಿಲ್ಲ ಎಂದರು ಡಾಕ್ಟರು. ಅತ್ತೆ ಕೊಟ್ಟಿಗೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತರು. ರಾಣಿ ಇವರ ಮುಖ ನೋಡುತ್ತ ಹುಲ್ಲು ಜಗಿಯುತ್ತಿದ್ದಳೇ ಹೊರತು ಬೇರೇನೂ ಮಾಡಲಿಲ್ಲ. ಕೊನೆಗೊಂದು ಮುಂಜಾನೆ ಅತ್ತೆ ಮುಖ ತೊಳೆಯಲೆಂದು ಬಚ್ಚಲಿಗೆ ಹೋದರು ನೋಡಿ, ಅದಕ್ಕೇ ಕಾದಿದ್ದವಳಂತೆ ಹೆತ್ತುಬಿಟ್ಟಳು!

ನಾವೆಲ್ಲ ಓಡಿಹೋದಾಗ ಮರಿ ಒಣಹುಲ್ಲಿನ ಮೇಲೆ ಮಲಗಿತ್ತು. ಹೆಣ್ಣು ಮರಿ. ಹಣೆಯ ಮೇಲೆ ಬಿಳಿ ಚುಕ್ಕೆ. ಏಳಲು ಹೋಗಿ ಬಿತ್ತು, ಮತ್ತೆ ಎದ್ದು ಮತ್ತೆ ಬಿತ್ತು. ಅಂತೂ ನಾಲ್ಕು ಕಾಲನ್ನೂ ನಾಲ್ಕು ದಿಕ್ಕಿಗೆ ಇಟ್ಟು ನಿಂತು ಹಾಲು ಹುಡುಕತೊಡಗಿತು. ತಾಯಿಯ ಎದೆ ನೆಕ್ಕಿತು, ಗೋಡೆ ನೆಕ್ಕಿತು, ಅತ್ತೆಯ ಸೀರೆಯ ನೆರಿಗೆಯನ್ನೂ ಚೀಪಿ ನೋಡಿತು. ಅತ್ತೆಯ ಕೈ ತಾನಾಗಿಯೇ ಮುಂದೆ ಬಂತು. ಅವಸರ ಮಾಡಬೇಡಿ, ತಾನೇ ಹುಡುಕಲಿ ಎಂದು ಡಾಕ್ಟರು ಫೋನಿನಲ್ಲಿ ಹೇಳಿದ್ದರು. ಅತ್ತೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

“ಹುಡುಕವ್ವ, ಅಲ್ಲೇ ಐತೆ” ಎಂದರು.

ಬಹಳ ಹೊತ್ತಿನ ಮೇಲೆ ಮರಿಯ ಮೂತಿ ಕೆಚ್ಚಲನ್ನು ಮುಟ್ಟಿತು. ಚಪ್ ಚಪ್ ಎಂದು ಹಾಲು ಹೀರುವ ಸದ್ದಿಗೆ ಅತ್ತೆ ಗೋಡೆಗೊರಗಿ ಕೂತರು. ಅಷ್ಟರಲ್ಲಿ ಡಾಕ್ಟರೂ ಬಂದು ಮಾಸು ಬಿದ್ದದ್ದನ್ನು ನೋಡಿ, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂದರು.

ಆಗಲೇ ನನಗೆ ಹೊಳೆದದ್ದು, ಅತ್ತೆ ಹಿಂದಿನ ದಿನದಿಂದ ಏನೂ ತಿಂದಿರಲಿಲ್ಲ. ಕೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಮಾವ ಒಳಗಿನಿಂದ ಒಂದು ತಟ್ಟೆ ಹಿಡಿದು ಬಂದರು. ಅಡುಗೆಮನೆಯಲ್ಲಿ ಅವರು ಒಲೆ ಹಚ್ಚಿದ್ದನ್ನು ನಾನಂತೂ ಎಂದೂ ಕಂಡಿರಲಿಲ್ಲ. ತಟ್ಟೆಯಲ್ಲಿದ್ದದ್ದು ಉಪ್ಪಿಟ್ಟು ಎಂದು ಅವರು ಹೇಳಿದ್ದರಿಂದ ತಿಳಿಯಿತು. ಗಂಟುಗಂಟಾಗಿ, ಅಲ್ಲಲ್ಲಿ ಸೀದು ಕಪ್ಪಾಗಿತ್ತು. ಮಾವ ತಟ್ಟೆಯನ್ನು ಅತ್ತೆಯ ಮಡಿಲಲ್ಲಿಟ್ಟು ಪಕ್ಕದಲ್ಲಿ ಹುಲ್ಲಿನ ಮೇಲೆ ಕೂತರು.

ಅತ್ತೆ ಒಂದು ತುತ್ತು ಬಾಯಿಗಿಟ್ಟುಕೊಂಡರು. ಜಗಿದರು. ಸೆರಗಿನಿಂದ ಕಣ್ಣೊರೆಸಿಕೊಂಡು ಇನ್ನೊಂದು ತುತ್ತು ತಿಂದರು. ತಟ್ಟೆ ಖಾಲಿಯಾಯಿತು. ಆಮೇಲೆ ಅವರು ಮಾವನ ಕಡೆ ತಟ್ಟೆ ಚಾಚಿದರು.

“ಇನ್ನೊಂಚೂರು ಇದ್ರೆ ಹಾಕಿ.”